ಅಘನಾಶಿನಿ ಅಳಿವೆ ಮತ್ತು ಅದನ್ನು ನಂಬಿದ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಿಂದ ಅಂಕೋಲಾ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ ದಿವಗಿ ಸೇತುವೆ ಸಿಗುತ್ತದೆ. ಕೆಳಗೆ ಅಘನಾಶಿನಿ ನದಿಯ ಅಗಲವಾದ ನೀರು, ಕೆಸರಿನ ದಿಬ್ಬ, ಅಂಚಿನಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಹಸಿರು ಕಾಂಡ್ಲಾ ಗಿಡಗಳು. ಬಸ್ಸಿನಲ್ಲಿ ಕೂತವರಿಗೆ ಅದು ಖಾಲಿ ಜಾಗದಂತೆ ಕಾಣುತ್ತದೆ. ಆ ನೀರು ಮತ್ತು ಕೆಸರಿನಿಂದಲೇ ಸಾವಿರಾರು ಮನೆಗಳ ಊಟ ನಡೆಯುತ್ತದೆ ಎಂದರೆ ಹೊಸಬರಿಗೆ ನಂಬಿಕೆ ಬರುವುದಿಲ್ಲ. ಅವರು ಕೇಳುವ ಪ್ರಶ್ನೆಗಳನ್ನು, ಊರಿನ ಹುಡುಗರೇ ಕೇಳುವ ಕೆಲವನ್ನೂ ಸೇರಿಸಿ, ಇಲ್ಲಿ ಉತ್ತರ ಬರೆದಿದ್ದೇನೆ.

ಜೌಗು ಪ್ರದೇಶ ಅಂದರೆ ಯಾವುದು? ಕೆರೆ, ಗದ್ದೆ ಎಲ್ಲ ಸೇರುತ್ತದಾ?

ವರ್ಷವಿಡೀ ಅಥವಾ ಕೆಲವು ತಿಂಗಳಾದರೂ ನೀರು ನಿಲ್ಲುವ ನೆಲವೆಲ್ಲ ಜೌಗು ಪ್ರದೇಶವೇ. ಕೆರೆ, ಹಿನ್ನೀರು, ನದಿ ಸಮುದ್ರ ಸೇರುವ ಅಳಿವೆ, ಕಾಂಡ್ಲಾ ಕಾಡು, ಭತ್ತದ ಗದ್ದೆ, ಉಪ್ಪಿನ ಆಗರ ಎಲ್ಲವೂ ಸೇರುತ್ತವೆ. ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ 1971ರ ಫೆಬ್ರವರಿ 2ರಂದು ಆದ ಒಪ್ಪಂದದ ಪ್ರಕಾರ, ಇಳಿತದ ಹೊತ್ತಿನಲ್ಲಿ 6 ಮೀಟರಿಗಿಂತ ಹೆಚ್ಚು ಆಳವಿಲ್ಲದ ಸಮುದ್ರದ ಅಂಚೂ ಜೌಗು ಪ್ರದೇಶವೇ.

ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳು ಮಾತ್ರ ಇಷ್ಟು ಉದಾರವಾಗಿಲ್ಲ. ಭತ್ತದ ಗದ್ದೆ, ನದಿಯ ಹರಿವು, ನೀರಾವರಿಗೆ, ಮೀನು ಸಾಕಣೆಗೆ ಅಥವಾ ಉಪ್ಪು ಮಾಡಲು ಜನರೇ ಕಟ್ಟಿದ ಜಾಗಗಳನ್ನು ಅವು ಹೊರಗಿಡುತ್ತವೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅಘನಾಶಿನಿ ದಂಡೆಯ ಜನ ಉಣ್ಣುವುದರಲ್ಲಿ ದೊಡ್ಡ ಪಾಲು ಇಂಥ ಜಾಗಗಳಿಂದಲೇ ಬರುವುದು.

ಅಘನಾಶಿನಿಯನ್ನೇ ಯಾಕೆ ಎತ್ತಿಕೊಂಡಿರಿ?

ಇಲ್ಲಿ ಎಲ್ಲವೂ ಒಂದೇ ಕಡೆ ಕಾಣಲು ಸಿಗುತ್ತದೆ. ನದಿ ಶಿರಸಿಯ ಶಂಕರಹೊಂಡದ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಘಟ್ಟ ಇಳಿದು ಕುಮಟಾ ತಾಲ್ಲೂಕಿನಲ್ಲಿ ಅಗಲವಾಗುತ್ತದೆ. ಒಂದು ದಂಡೆಯಲ್ಲಿ ಅಘನಾಶಿನಿ ಎಂಬ ಊರು, ಇನ್ನೊಂದು ದಂಡೆಯಲ್ಲಿ ತದಡಿ, ನಡುವೆ ಅರಬ್ಬಿ ಸಮುದ್ರಕ್ಕೆ ಬಾಗಿಲು. ಈ ಅಳಿವೆಯ 4,801 ಹೆಕ್ಟೇರ್ ಜಾಗ 2024ರ ಜನವರಿಯಲ್ಲಿ ರಾಮ್ಸಾರ್ ಒಪ್ಪಂದದ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಆ ಪಟ್ಟಿಯ ವಿವರಣೆಯಲ್ಲೇ 6,000ದಿಂದ 7,500 ಕುಟುಂಬಗಳು ನೇರವಾಗಿ ಇದನ್ನು ನಂಬಿವೆ ಎಂದಿದೆ. ಮೀನು, ಚಿಪ್ಪಿಕಲ್ಲು, ಏಡಿ, ಸಿಗಡಿ, ಗಜನಿ ಎಂಬ ತಗ್ಗು ಗದ್ದೆಗಳ ಭತ್ತ, ಸುಣ್ಣದ ಚಿಪ್ಪು, ಉಪ್ಪು: ಇಷ್ಟೂ ಒಂದೇ ನೀರಿನಿಂದ.

ಒಂದು ಮನೆಗೆ ವರ್ಷದಲ್ಲಿ ಏನೇನು ಸಿಗುತ್ತದೆ?

ಮನೆಯಿಂದ ಮನೆಗೆ ಬದಲಾಗುತ್ತದೆ. ಆದರೂ ಸಾಮಾನ್ಯ ಲೆಕ್ಕ ಹೇಳಬಹುದು.

ಜೂನ್, ಜುಲೈ ಕಷ್ಟದ ತಿಂಗಳು. ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಸಮುದ್ರವೂ ಕೆಟ್ಟಿರುತ್ತದೆ. ಪೇಟೆಗೆ ಮೀನು ಬರುವುದು ಕಡಿಮೆ, ಬಂದರೂ ದುಬಾರಿ. ಆಗ ಪಾತಿ ದೋಣಿ ಮತ್ತು ಬೀಸು ಬಲೆ ಇಟ್ಟುಕೊಂಡವರು ಅಳಿವೆಯ ಒಳಗಿನ ಕವಲುಗಳಲ್ಲಿ ಬಲೆ ಹಾಕುತ್ತಾರೆ. ಸಿಕ್ಕಿದ್ದು ಮೊದಲು ಮನೆಗೆ, ಉಳಿದದ್ದು ಪಕ್ಕದ ಕೇರಿಗೆ. ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನೂ ಇದೇ ಹೊತ್ತಿಗೆ ಡಬ್ಬಿಯಿಂದ ಹೊರಗೆ ಬರುತ್ತದೆ.

ಅದೇ ಹೊತ್ತಿಗೆ ಗಜನಿಯಲ್ಲಿ ಭತ್ತ ಬೆಳೆಯುತ್ತಿರುತ್ತದೆ. ಅಕ್ಟೋಬರ್ ಸುಮಾರಿಗೆ ಕೊಯ್ಲು. ಕೊಯ್ಲಾದ ಮೇಲೆ ಗದ್ದೆಗೆ ಉಪ್ಪುನೀರು ಬಿಟ್ಟರೆ ಶೆಟ್ಲಿ, ಅಂದರೆ ಸಿಗಡಿ, ಜೊತೆಗೆ ನೊಗಲಿ ಮೀನು, ಏಡಿ ಒಳಗೆ ಬರುತ್ತವೆ. ಮಳೆ ನಿಂತು ನೀರು ಉಪ್ಪಾದ ಮೇಲೆ ಚಿಪ್ಪಿಕಲ್ಲು ಹೆಕ್ಕುವ ಕೆಲಸ ಶುರು. ಅದು ಬೇಸಿಗೆಯವರೆಗೂ ನಡೆಯುತ್ತದೆ. ಬಿಸಿಲು ಏರಿದಂತೆ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪಿನ ಕೆಲಸಕ್ಕೆ ಕೂಲಿ ಸಿಗುತ್ತದೆ.

ಇವುಗಳಲ್ಲಿ ಯಾವುದೂ ಒಂಟಿಯಾಗಿ ಒಂದು ಮನೆಯನ್ನು ಸಾಕುವಷ್ಟು ದೊಡ್ಡದಲ್ಲ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗುತ್ತದೆ ಎಂಬುದೇ ಇದರ ಬಲ. ಯೋಜನೆ ಮಾಡುವವರು ಒಂದೊಂದನ್ನೇ ಬಿಡಿಸಿ ನೋಡಿ "ಇಷ್ಟೇನಾ ಆದಾಯ" ಅನ್ನುತ್ತಾರೆ. ಹಾಗೆ ನೋಡಿದರೆ ಯಾವ ರೈತನ ಮನೆಯೂ ಲೆಕ್ಕಕ್ಕೆ ಸಿಗುವುದಿಲ್ಲ.

ಗಜನಿ ಅಂದರೇನು? ಉಪ್ಪುನೀರಿನ ಪಕ್ಕದಲ್ಲಿ ಭತ್ತ ಹೇಗೆ ಬೆಳೆಯುತ್ತದೆ?

ಅಳಿವೆಯ ಅಂಚಿನಲ್ಲಿ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳೇ ಗಜನಿ. ಸುತ್ತ ಮಣ್ಣಿನ ಕಟ್ಟೆ, ಅಲ್ಲಲ್ಲಿ ನೀರು ಬಿಡಲು, ತಡೆಯಲು ಹಲಗೆಯ ಬಾಗಿಲು. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಪಟಗಾರರು ತಲೆಮಾರುಗಳಿಂದ ಇಲ್ಲಿ ಬೇಸಾಯ ಮಾಡಿಕೊಂಡು ಬಂದವರು.

ಇಲ್ಲಿ ಬೆಳೆಯುವುದು ಕಗ್ಗ ಭತ್ತ. ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜ ಬಿತ್ತುತ್ತಾರೆ. ಮಳೆ ಜೋರಾದರೆ ಗದ್ದೆ ದಿನಗಟ್ಟಲೆ ಮುಳುಗಿಯೇ ಇರುತ್ತದೆ. ಬೇರೆ ತಳಿಯಾದರೆ ಕೊಳೆತುಹೋದೀತು. ಕಗ್ಗ ಕಾಂಡವನ್ನು ಉದ್ದ ಮಾಡಿಕೊಂಡು ನೀರಿನ ಮೇಲೆ ತಲೆ ಎತ್ತುತ್ತದೆ. ನಡುವೆ ಸ್ವಲ್ಪ ಉಪ್ಪುನೀರು ಒಳಗೆ ಬಂದರೂ ತಡೆದುಕೊಳ್ಳುತ್ತದೆ. ಗೊಬ್ಬರ ಹಾಕುವ ರೂಢಿ ಇಲ್ಲ, ಬೇಕಾಗುವುದೂ ಇಲ್ಲ. ನದಿ ಪ್ರತಿ ಮಳೆಗಾಲ ಹೊಸ ಮೆಕ್ಕಲು ತಂದು ಹಾಕುತ್ತದೆ. ಬೇಸಿಗೆಯಲ್ಲಿ ಅದೇ ಗದ್ದೆಯಲ್ಲಿ ಓಡಾಡಿದ ಮೀನು, ಸಿಗಡಿಗಳ ಕಸವೂ ಮಣ್ಣಿಗೆ ಸೇರುತ್ತದೆ.

ಕೊಯ್ಲಿನಲ್ಲಿ ತೆನೆಯನ್ನು ಕೊಯ್ದು ಕೂಳೆ ಹಾಗೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದು ಉಬ್ಬರದ ನೀರು ಒಳಗೆ ಬಿಡುತ್ತಾರೆ. ನೀರಿನೊಂದಿಗೆ ಬಂದ ಸಿಗಡಿ ಮರಿಗಳು ಆ ಕೊಳೆಯುವ ಕೂಳೆಯ ನಡುವೆ ತಿಂದು ಬೆಳೆಯುತ್ತವೆ. ಬೆಳೆದ ಮೇಲೆ, ರಾತ್ರಿ ಇಳಿತದ ಹೊತ್ತಿಗೆ, ಬಾಗಿಲಿಗೆ ಚೀಲದಂಥ ಬಲೆ ಕಟ್ಟುತ್ತಾರೆ. ಹಲಗೆ ಎತ್ತಿದರೆ ನೀರು ಭೋರೆಂದು ಹೊರಗೆ ಓಡುತ್ತದೆ, ಸಿಗಡಿ ಬಲೆಗೆ ಬೀಳುತ್ತದೆ. ಒಂದೇ ಗದ್ದೆ ಆರು ತಿಂಗಳು ಅಕ್ಕಿ, ಆರು ತಿಂಗಳು ಪಲ್ಯದ ಮೀನು ಕೊಡುತ್ತದೆ. ಕೇರಳದ ಪೊಕ್ಕಾಳಿ, ಕೈಪಾಡ್, ಗೋವಾದ ಖಜಾನ್ ಗದ್ದೆಗಳೂ ಇದೇ ರೀತಿಯವು. ಪಶ್ಚಿಮ ಕರಾವಳಿಯ ರೈತರು ಕಂಡುಕೊಂಡ ಅತ್ಯಂತ ಜಾಣ ಬೇಸಾಯ ಇದು ಎಂಬುದು ನನ್ನ ಅಭಿಪ್ರಾಯ.

ಇಷ್ಟು ಒಳ್ಳೆಯದಾದರೆ ಕಗ್ಗ ಯಾಕೆ ಕಡಿಮೆಯಾಯಿತು?

ಕಾರಣ ಒಂದಲ್ಲ. ಮೊದಲನೆಯದು ಕಟ್ಟೆ. ಗಜನಿ ಕಟ್ಟೆ ಒಬ್ಬರ ಕೆಲಸ ಅಲ್ಲ. ಊರವರೆಲ್ಲ ಸೇರಿ ವರ್ಷ ವರ್ಷವೂ ಮಣ್ಣು ಹಾಕಬೇಕು, ಏಡಿ ಕೊರೆದ ತೂತು ಮುಚ್ಚಬೇಕು, ಬಾಗಿಲು ಕಾಯಬೇಕು. ಹುಡುಗರು ಬೆಂಗಳೂರು, ಗೋವಾ ಅಂತ ಹೋದ ಮೇಲೆ ಆ ಕೈಗಳು ಇಲ್ಲ. ಒಂದು ಕಡೆ ಕಟ್ಟೆ ಒಡೆದರೆ ಒಬ್ಬರ ಗದ್ದೆಗಷ್ಟೇ ಅಲ್ಲ, ಇಡೀ ಬಯಲಿಗೆ ಉಪ್ಪು ನುಗ್ಗುತ್ತದೆ. ಎರಡು ವರ್ಷ ಬೆಳೆ ಹೋದರೆ ಬೀಜವೂ ಹೋಗುತ್ತದೆ. ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ರೈತರ ಕಣಜದಲ್ಲಿ ಉಳಿದರೆ ಮಾತ್ರ ಉಳಿಯಿತು.

ಸರ್ಕಾರ ಉಪ್ಪುನೀರು ನುಗ್ಗುವುದನ್ನು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಕಟ್ಟೆ ಕಟ್ಟಿಸಿದ್ದಿದೆ. ಕೆಲವು ಕಡೆ ಅದರಿಂದ ಉಪಕಾರವೂ ಆಗಿದೆ. ಆದರೆ ಕಟ್ಟೆ ಇಲಾಖೆಯದು ಎಂದಾದ ಮೇಲೆ ರಿಪೇರಿಗೂ ಇಲಾಖೆಯ ದಾರಿಯನ್ನೇ ಕಾಯುವಂತಾಯಿತು. ನೀರು ಕಾಯುವುದಿಲ್ಲವಲ್ಲ.

ಎರಡನೆಯದು ಸಿಗಡಿಯ ದುಡ್ಡು. 1990ರ ದಶಕದಲ್ಲಿ ಕರಾವಳಿಯಲ್ಲಿ ಸಿಗಡಿ ಕೃಷಿಯ ಅಲೆ ಎದ್ದಿತು. ಅಕ್ಕಿಗಿಂತ ಸಿಗಡಿಗೆ ಹತ್ತಾರು ಪಟ್ಟು ಬೆಲೆ. ಗಜನಿಯ ಮೀನು ಹಿಡಿಯುವ ಹಕ್ಕನ್ನು ಹರಾಜು ಹಿಡಿದವರಿಗೆ ಉಪ್ಪುನೀರು ಆದಷ್ಟು ಬೇಗ ಬರಬೇಕು, ಆದಷ್ಟು ತಡವಾಗಿ ಹೋಗಬೇಕು. ಭತ್ತಕ್ಕೆ ಬೇಕಾದದ್ದು ಇದಕ್ಕೆ ಪೂರಾ ಉಲ್ಟಾ. ಈ ಜಗಳದಲ್ಲಿ ಹಲವು ಕಡೆ ಭತ್ತ ಸೋತಿತು. ಆಮೇಲೆ ಬಿಳಿ ಚುಕ್ಕೆ ರೋಗ ಬಂದು ಸಿಗಡಿಯೂ ಕೈಕೊಟ್ಟಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗೆ ಹೊಸ ಬಗೆಯ ಸಿಗಡಿ ಹೊಂಡಗಳನ್ನು ತಡೆದು, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ಅವಕಾಶ ಉಳಿಸಿತು. ಗಜನಿಯಲ್ಲಿ ತಾನಾಗಿ ಬಂದ ಸಿಗಡಿ ಹಿಡಿಯುವುದಕ್ಕೂ, ಗುಂಡಿ ತೋಡಿ ಆಹಾರ, ಔಷಧ ಸುರಿದು ಸಾಕುವುದಕ್ಕೂ ಇರುವ ಅಂತರವನ್ನು ಕೋರ್ಟ್ ಗುರುತಿಸಿತು. ಅದು ಮುಖ್ಯವಾದ ಮಾತು.

ಮಾಣಿಕಟ್ಟಾದಂಥ ಕೆಲವು ಊರುಗಳ ರೈತರು ಮಾತ್ರ ಹಟ ಹಿಡಿದು ಒಟ್ಟಾಗಿ ಕಗ್ಗ ಉಳಿಸಿಕೊಂಡಿದ್ದಾರೆ. ಅವರಿಗೆ ಬರೀ ಸನ್ಮಾನ ಮಾಡಿದರೆ ಸಾಲದು, ಬೆಳೆದ ಅಕ್ಕಿಗೆ ಸರಿಯಾದ ಬೆಲೆ ಬೇಕು.

ಚಿಪ್ಪಿಕಲ್ಲು ಹೆಕ್ಕುವುದು ಅಂದರೆ ಹೇಗೆ? ಅದರಿಂದ ಸಂಸಾರ ನಡೆಯುತ್ತದಾ?

ಇಳಿತ ಬಿದ್ದಾಗ ನದಿಯ ನಡುವೆ ಮರಳು, ಕೆಸರಿನ ದಿಬ್ಬಗಳು ತಲೆ ಎತ್ತುತ್ತವೆ. ಹೆಂಗಸರು ಸೀರೆ ಮೇಲೆ ಕಟ್ಟಿ, ಬುಟ್ಟಿ ಹಿಡಿದು, ಮೊಣಕಾಲು ಮಟ್ಟದ ನೀರಿನಲ್ಲಿ ಇಳಿಯುತ್ತಾರೆ. ಕಣ್ಣಿಗಿಂತ ಕಾಲಿಗೇ ಇಲ್ಲಿ ಕೆಲಸ ಜಾಸ್ತಿ. ಪಾದದಿಂದ ಮರಳು ಒತ್ತುತ್ತಾ ಹೋಗುತ್ತಾರೆ. ಗಟ್ಟಿಯಾಗಿ ಏನೋ ತಗುಲಿದರೆ ಬಗ್ಗಿ ಕೈಹಾಕಿ ಎತ್ತುತ್ತಾರೆ. ಬಳಚು ಎಂಬ ಚಿಪ್ಪಿಕಲ್ಲು ಮರಳಿನೊಳಗೆ ಎರಡು ಬೆರಳಿನ ಆಳದಲ್ಲಿ ಬಾಯಿ ಮುಚ್ಚಿ ಕೂತಿರುತ್ತದೆ. ಕಲ್ಲಿಗೆ ಅಂಟಿದ ಕಲ್ವಾ ಎಂಬ ಇನ್ನೊಂದು ಬಗೆಯ ಚಿಪ್ಪಿಕಲ್ಲು ಬಿಡಿಸಲು ಮಾತ್ರ ಕತ್ತಿ ಬೇಕು, ಅದರ ಅಂಚಿಗೆ ಕೈ ಕೊಯ್ದುಕೊಳ್ಳುವುದೂ ಇದ್ದದ್ದೇ. ಗಂಡಸರು ದೋಣಿಯಲ್ಲಿ ಆಳದ ಕಡೆ ಹೋಗಿ ಮುಳುಗಿ ತೆಗೆಯುತ್ತಾರೆ. ಉಬ್ಬರ ವಾಪಸ್ಸು ಬರುವುದರೊಳಗೆ ಕೆಲಸ ಮುಗಿಯಬೇಕು. ಹಾಗಾಗಿ ಇವರ ದಿನ ಗಡಿಯಾರದ ಮೇಲಲ್ಲ, ಹುಣ್ಣಿಮೆ ಅಮಾವಾಸ್ಯೆಗಳ ಮೇಲೆ ನಡೆಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಲೆಕ್ಕ ಹಾಕಿದಾಗ, ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ತಿನ್ನುವ ಚಿಪ್ಪಿಕಲ್ಲು ಸಿಗುತ್ತಿತ್ತು. 2 ಸಾವಿರಕ್ಕೂ ಹೆಚ್ಚು ಜನ ಈ ಕೆಲಸದಲ್ಲಿದ್ದರು. ಗೋವಾದ ಪೇಟೆಗೂ ಇಲ್ಲಿಂದ ಚೀಲಗಟ್ಟಲೆ ಹೋಗುತ್ತದೆ. ಸ್ಥಳೀಯವಾಗಿ ಹೆಂಗಸರೇ ಬುಟ್ಟಿ ಹೊತ್ತು ಮನೆ ಮನೆಗೆ ಮಾರುತ್ತಾರೆ. ಆ ದುಡ್ಡು ಅವರ ಕೈಯಲ್ಲೇ ಉಳಿಯುತ್ತದೆ, ಮಕ್ಕಳ ಪುಸ್ತಕಕ್ಕೆ, ಔಷಧಿಗೆ, ಸಂಘದ ಕಂತಿಗೆ ಹೋಗುತ್ತದೆ.

ಆದರೆ ಎಷ್ಟು ಬೇಕಾದರೂ ಬಾಚಬಹುದಾದ ಸಂಪತ್ತು ಇದಲ್ಲ. ಮರಿಗಳನ್ನೂ ಸೇರಿಸಿ ತೆಗೆದರೆ ಮುಂದಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಮರಳು ತೆಗೆಯುವವರು ದಿಬ್ಬವನ್ನೇ ಎತ್ತಿಕೊಂಡು ಹೋದರೆ ಬಳಚಿಗೆ ಮನೆಯೇ ಇಲ್ಲ.

ಅದರಲ್ಲಿ ಪೌಷ್ಟಿಕಾಂಶ ಇದೆಯಾ?

ಚೆನ್ನಾಗಿದೆ. ಒಳ್ಳೆಯ ಪ್ರೋಟೀನ್, ಜೊತೆಗೆ ಕಬ್ಬಿಣ, ಸತು, ಬಿ12. ರಕ್ತಹೀನತೆ ಇರುವ ಹೆಂಗಸರು, ಬೆಳೆಯುವ ಮಕ್ಕಳಿಗೆ ಬೇಕಾದದ್ದು ಇವೇ. ಚಿಪ್ಪಿಕಲ್ಲು ಮೈಗೆ ಆಗದವರು, ಅಲರ್ಜಿ ಇರುವವರು ತಿನ್ನಬಾರದು. ಚರಂಡಿ ನೀರು ಸೇರುವ ಕಡೆ ತೆಗೆದದ್ದನ್ನು ಯಾರೂ ತಿನ್ನಬಾರದು. ಚಿಪ್ಪಿಕಲ್ಲು ನೀರನ್ನು ಸೋಸಿ ಬದುಕುವ ಜೀವಿ, ನೀರಿನಲ್ಲಿದ್ದ ಕೊಳಕು ಅದರ ಮೈಯಲ್ಲಿ ಸೇರುತ್ತದೆ. ಅಳಿವೆಯ ನೀರು ಚೊಕ್ಕಟ ಇರಬೇಕು ಎನ್ನುವುದು ಅದಕ್ಕೇ, ಬರೀ ನೋಟದ ಚಂದಕ್ಕಲ್ಲ.

ಜಮೀನು ಇಲ್ಲದವರಿಗೆ ಇದರಿಂದ ಏನು?

ಅವರಿಗೇ ಎಲ್ಲರಿಗಿಂತ ಜಾಸ್ತಿ. ಗದ್ದೆಗೆ ಪಹಣಿ ಬೇಕು, ದೊಡ್ಡ ದೋಣಿಗೆ ಬಂಡವಾಳ ಬೇಕು. ಇಳಿತದ ದಿಬ್ಬದ ಮೇಲೆ ಇಳಿಯಲು ಒಂದು ಬುಟ್ಟಿ ಸಾಕು. ಗಂಡ ಹುಷಾರಿಲ್ಲದೆ ಮಲಗಿದ ವಾರ, ಕೂಲಿ ಸಿಗದ ತಿಂಗಳು, ಮದುವೆ ಸಾಲ ತೀರದ ವರ್ಷ, ಎಲ್ಲದರಲ್ಲೂ ಸಂಜೆಯ ಸಾರಿಗೆ ಏನಾದರೂ ನದಿಯಲ್ಲಿ ಸಿಕ್ಕೇ ಸಿಗುತ್ತದೆ. ಪಡಿತರದ ಅಕ್ಕಿ ಹೊಟ್ಟೆ ತುಂಬಿಸುತ್ತದೆ ನಿಜ. ಅದರ ಪಕ್ಕದಲ್ಲಿ ಮೀನು, ಬಳಚು ಇದ್ದಾಗಲೇ ಅದು ಪೂರ್ತಿ ಊಟ.

ಈ ಊಟಕ್ಕೆ ರಶೀದಿ ಇಲ್ಲ. ಮಾರದೆ ಮನೆಯಲ್ಲೇ ತಿಂದ ಮೀನು ಯಾವ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿಯೇ ಜಾಗ ಹೋದಾಗ ಪರಿಹಾರದ ಪಟ್ಟಿಯಲ್ಲಿ ಪಹಣಿ ಇದ್ದವರ ಹೆಸರು ಬರುತ್ತದೆ, ಬುಟ್ಟಿ ಹಿಡಿದವರ ಹೆಸರು ಬರುವುದಿಲ್ಲ. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದು.

ಕಾಂಡ್ಲಾ ಗಿಡಕ್ಕೂ ಊಟಕ್ಕೂ ಏನು ಸಂಬಂಧ?

ಸಿಗಡಿ, ಏಡಿ, ಹಲವು ಮೀನುಗಳ ಮರಿಗಳು ಕಾಂಡ್ಲಾ ಬೇರುಗಳ ಸಂದಿಯಲ್ಲೇ ದೊಡ್ಡದಾಗುವುದು. ದೊಡ್ಡ ಮೀನು ಅಲ್ಲಿಗೆ ನುಗ್ಗಲಾರದು. ಉದುರಿದ ಎಲೆ ಕೊಳೆತು ಸಣ್ಣ ಜೀವಿಗಳಿಗೆ ಆಹಾರ, ಅವು ಮರಿಗಳಿಗೆ ಆಹಾರ. ಜೊತೆಗೆ ಬೇರು ಮಣ್ಣು ಹಿಡಿದಿಟ್ಟು ಗಜನಿಯ ಕಟ್ಟೆಯನ್ನು ಅಲೆಯ ಹೊಡೆತದಿಂದ ಕಾಯುತ್ತದೆ. ಅರಣ್ಯ ಇಲಾಖೆ ಉತ್ತರ ಕನ್ನಡದ ಅಳಿವೆಗಳಲ್ಲಿ ಕಾಂಡ್ಲಾ ನೆಡುತ್ತಾ ಬಂದಿರುವುದು ಒಳ್ಳೆಯ ಕೆಲಸ. ಬಳಚು ಸಿಗುವ ಬಯಲು ದಿಬ್ಬದ ಮೇಲೆ ಮಾತ್ರ ನೆಡಬಾರದು. ಎಲ್ಲಿ ನೆಡಬೇಕು ಎಂದು ಅಲ್ಲಿನ ಮೀನುಗಾರರಾದ ಅಂಬಿಗರನ್ನು, ಹರಿಕಂತ್ರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಮಳೆಗಾಲದಲ್ಲಿ ಅಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗುತ್ತದಲ್ಲ, ಅದು ವ್ಯರ್ಥ ಅಲ್ವಾ?

ಅಲ್ಲ. ಆ ನೀರೇ ಗಜನಿಯ ಉಪ್ಪು ತೊಳೆಯುವುದು, ಮೆಕ್ಕಲು ತರುವುದು, ಸಮುದ್ರದ ಮೀನನ್ನು ಅಳಿವೆಗೆ ಕರೆಯುವುದು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದ ಇದೆಲ್ಲ ಇನ್ನೂ ನಡೆಯುತ್ತಿದೆ.

ಪಕ್ಕದ ಶರಾವತಿಯನ್ನು ನೋಡಿ. ಅಲ್ಲಿ ಕಡಿಮೆಯಾದದ್ದು ಸಿಹಿನೀರಲ್ಲ, ಹೊತ್ತುಗೊತ್ತು. ವಿದ್ಯುತ್ ಉತ್ಪಾದನೆಗಾಗಿ ಲಿಂಗನಮಕ್ಕಿಯಲ್ಲಿ ಹಿಡಿದ ನೀರನ್ನು ವರ್ಷವಿಡೀ ಬಿಡುತ್ತಾರೆ. ಗೇರುಸೊಪ್ಪೆಯ ಘಟಕ ಶುರುವಾದ ಮೇಲೆ ಹೊನ್ನಾವರದ ಅಳಿವೆಗೆ ಬೇಸಿಗೆಯಲ್ಲೂ ಸಿಹಿನೀರು ಹರಿದು, ಉಪ್ಪಿನಂಶ ಇಳಿಯಿತು. ಉಪ್ಪು ಬೇಕಾದ ಚಿಪ್ಪಿಕಲ್ಲುಗಳು ಅಲ್ಲಿ ತೀರಾ ಕಡಿಮೆಯಾದವು. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಸರದಿ ತಪ್ಪಿದರೆ ಅಳಿವೆ ಕೆಡುತ್ತದೆ. ಘಟ್ಟದ ನೀರನ್ನು ಪೂರ್ವಕ್ಕೆ ತಿರುಗಿಸುವ ಮಾತು ಎದ್ದಾಗಲೆಲ್ಲ ಈ ಉದಾಹರಣೆಯನ್ನು ಎದುರಿಗಿಟ್ಟು ಮಾತಾಡಬೇಕು.

ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಮೀನು ಹಿಡಿಯುವಂತಿಲ್ವಾ?

ಹಿಡಿಯಬಹುದು. ಈ ಹೆದರಿಕೆ ಊರಿನಲ್ಲಿ ತುಂಬ ಜನರಿಗಿದೆ. ರಾಮ್ಸಾರ್ ಒಪ್ಪಂದ ಜನರನ್ನು ಹೊರಗೆ ಹಾಕುವ ಕಾನೂನಲ್ಲ. ಜಾಗದ ಗುಣ ಕೆಡದಂತೆ ಬಳಸಿ ಎಂಬುದೇ ಅದರ ತಿರುಳು. ಹಾಗೆಯೇ ಈ ಹೆಸರು ಬಂದ ಮಾತ್ರಕ್ಕೆ ರಕ್ಷಣೆ ಸಿಕ್ಕಿತು ಎಂದು ಆರಾಮಾಗಿ ಕೂರುವುದೂ ಬೇಡ. ತದಡಿಯಲ್ಲಿ ಹಿಂದೆ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು. ಅದು ನಿಂತದ್ದು ಜನ ವಿರೋಧಿಸಿದ್ದರಿಂದ, ಯಾವ ಪಟ್ಟಿಯಿಂದಲೂ ಅಲ್ಲ.

ನಮ್ಮದು ಬಯಲುಸೀಮೆ. ನಮ್ಮ ಕೆರೆಗೂ ಇದು ಅನ್ವಯವಾಗುತ್ತದಾ?

ಖಂಡಿತ. ಅಘನಾಶಿನಿ, ರಂಗನತಿಟ್ಟು ಬಿಟ್ಟರೆ ರಾಜ್ಯದ ಉಳಿದ ಎರಡು ರಾಮ್ಸಾರ್ ತಾಣಗಳು, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ, ಮೂಲದಲ್ಲಿ ಊರಿನ ಕೆರೆಗಳೇ. ಗದ್ದೆಗೆ ನೀರು, ಹೊಲಕ್ಕೆ ಹೂಳು, ದನಕ್ಕೆ ಹುಲ್ಲು, ಬಾವಿಗೆ ಒರತೆ, ಚಾಪೆಗೆ ಜೊಂಡು, ಮೀನು: ಕೆರೆಯಿಂದ ಬರುವುದನ್ನು ಬರೆಯುತ್ತಾ ಹೋದರೆ ಅಳಿವೆಯಷ್ಟೇ ಉದ್ದದ ಪಟ್ಟಿಯಾಗುತ್ತದೆ. ಮೀನಿನ ಹರಾಜಿನ ಹಣ ಮಾತ್ರ ಪಂಚಾಯ್ತಿ ಪುಸ್ತಕದಲ್ಲಿ ಕಾಣುತ್ತದೆ, ಉಳಿದದ್ದು ಕಾಣುವುದಿಲ್ಲ.

ಪಂಚಾಯ್ತಿಯವರು ಏನು ಮಾಡಬಹುದು?

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಅದು ದಾಖಲೆ ಪುಸ್ತಕ ಬರೆಯಬೇಕು. ಹಲವು ಕಡೆ ಅದರಲ್ಲಿ ಗಿಡಮರಗಳ ಹೆಸರು ತುಂಬಿಸಿ ಮುಚ್ಚಿಟ್ಟಿರುತ್ತಾರೆ. ಅದೇ ಪುಸ್ತಕದಲ್ಲಿ ಯಾವ ದಿಬ್ಬದಲ್ಲಿ ಯಾವ ಕೇರಿಯವರು ಬಳಚು ಹೆಕ್ಕುತ್ತಾರೆ, ಯಾವ ಗಜನಿಯಲ್ಲಿ ಕಗ್ಗ ಉಳಿದಿದೆ, ಯಾರ ಹತ್ತಿರ ಬೀಜ ಇದೆ ಎಂದು ಬರೆಸಿ. ಹೆಕ್ಕುವ ಹೆಂಗಸರನ್ನೇ ಕೂರಿಸಿಕೊಂಡು ಬರೆಸಿ. ನಾಳೆ ಯಾವುದಾದರೂ ಯೋಜನೆ ಬಂದಾಗ "ಇಲ್ಲಿ ಯಾರೂ ಇಲ್ಲ" ಎಂದು ಹೇಳಲು ಆಗುವುದಿಲ್ಲ. ಉದ್ಯೋಗ ಖಾತರಿಯ ಕೆಲಸಗಳಲ್ಲಿ ಗಜನಿ ಕಟ್ಟೆಯ ರಿಪೇರಿಯನ್ನೂ ಕೇಳಿ. ಕಸ, ಚರಂಡಿ ನದಿಗೆ ಸೇರದಂತೆ ನೋಡಿಕೊಳ್ಳುವುದು ಯಾರ ಅಪ್ಪಣೆಯೂ ಇಲ್ಲದೆ ಇವತ್ತೇ ಮಾಡಬಹುದಾದ ಕೆಲಸ.

ಬಳಚು ತಂದೆವು, ಕಗ್ಗದ ಅಕ್ಕಿಯೂ ಸಿಕ್ಕಿತು. ಅಡುಗೆ ಹೇಗೆ?

ಬಳಚನ್ನು ಎರಡು ಮೂರು ಸಲ ತೊಳೆದು, ಉಪ್ಪು ಹಾಕಿದ ನೀರಿನಲ್ಲಿ ಕೆಲವು ತಾಸು ಬಿಡಿ. ಒಳಗಿನ ಮರಳನ್ನು ತಾನೇ ಉಗುಳುತ್ತದೆ. ಬೇಯಿಸುವ ಮೊದಲೇ ಬಾಯಿ ತೆರೆದು, ಮುಟ್ಟಿದರೂ ಮುಚ್ಚದಿದ್ದರೆ ಅದು ಸತ್ತದ್ದು, ಎಸೆಯಿರಿ. ಉಳಿದದ್ದನ್ನು ಸ್ವಲ್ಪ ನೀರಿನಲ್ಲಿ ಮುಚ್ಚಿ ಬೇಯಿಸಿದರೆ ಬಾಯಿ ಬಿಡುತ್ತದೆ. ಬೆಂದರೂ ಬಾಯಿ ಬಿಡದಿದ್ದವನ್ನೂ ತೆಗೆದುಹಾಕಿ. ಬೆಂದ ನೀರು ಚೆಲ್ಲಬೇಡಿ, ರುಚಿಯೆಲ್ಲ ಅದರಲ್ಲೇ ಇರುತ್ತದೆ. ಅಡಿಯಲ್ಲಿ ಕೂತ ಮರಳು ಬಾರದಂತೆ ಮೇಲಿನಿಂದ ಬಸಿದುಕೊಳ್ಳಿ. ಕಾಯಿತುರಿ, ಒಣಮೆಣಸು, ಕೊತ್ತಂಬರಿ, ಅರಿಶಿನ, ಹುಳಿ ಸೇರಿಸಿ ತರಿತರಿಯಾಗಿ ಅರೆದು, ಈರುಳ್ಳಿ ಬಾಡಿಸಿ, ಮಸಾಲೆ ಹಾಕಿ, ಬಳಚು ಸೇರಿಸಿ ಸುಕ್ಕಾ ಮಾಡಿ. ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿ ಹಾಕಿ, ಬಳಚಿನಲ್ಲೇ ಸಾಕಷ್ಟು ಇರುತ್ತದೆ.

ಕಗ್ಗದ ಅಕ್ಕಿ ಬೇಯಲು ಹೊತ್ತು ಬೇಕು. ನೀರು ಜಾಸ್ತಿ ಇಟ್ಟು ಗಂಜಿ ಮಾಡಿದರೆ ಸುಕ್ಕಾ ಜೊತೆಗೆ ಚೆನ್ನಾಗಿ ಹೋಗುತ್ತದೆ. ಕೊಳ್ಳುವಾಗ ಆದಷ್ಟು ಬೆಳೆದವರ ಹತ್ತಿರವೇ ಕೊಳ್ಳಿ. ಕುಮಟಾ ಪೇಟೆಯಲ್ಲಿ ಗುಪ್ಪೆ ಹಾಕಿಕೊಂಡು ಕೂತ ಹೆಂಗಸರ ಬಳಿ ಬಳಚು ತೆಗೆದುಕೊಂಡರೆ ಚೌಕಾಸಿ ಮಾಡಬೇಡಿ.